ಒಂದು ಗಂಟೆ ಕಡಿಮೆ

ಸ್ಪೇನಿನ ರೇಡಿಯೊದಲ್ಲಿ ಸಮಯ ಹೇಳಿದಾಗ ಕೊನೆಗೊಂದು ಬಾಲ ಸೇರಿಸುತ್ತಾರೆ: ‘ಉನಾ ಓರಾ ಮೇನೊಸ್ ಎನ್ ಕನಾರಿಯಾಸ್’. ಕ್ಯಾನರಿ ದ್ವೀಪಗಳಲ್ಲಿ ಒಂದು ಗಂಟೆ ಕಡಿಮೆ. ಭೂಪಟದಲ್ಲಿ ಈ ಎಂಟು ದ್ವೀಪಗಳನ್ನು ಒಂದು ಚೌಕದೊಳಗೆ ಕೂರಿಸಿ ಸ್ಪೇನಿನ ಮೂಲೆಗೆ ಅಂಟಿಸಿರುತ್ತಾರೆ. ಅಸಲಿಗೆ ಅವು ಇರುವುದು ಆಫ್ರಿಕಾದ ಮಗ್ಗುಲಲ್ಲಿ. ಫುಯೆರ್ತೆವೆಂತುರಾ ದ್ವೀಪದಿಂದ ಆಫ್ರಿಕಾದ ತೀರ ನೂರು ಕಿಲೋಮೀಟರ್ ಆಸುಪಾಸು, ಮ್ಯಾಡ್ರಿಡ್ ಮಾತ್ರ ವಿಮಾನದಲ್ಲೇ ಎರಡೂವರೆ ತಾಸಿಗೂ ಹೆಚ್ಚು. ಸ್ಪೇನ್ ಬಗ್ಗೆ ಚೆನ್ನಾಗಿ ಓದಿಕೊಂಡು ಬಂದವರಿಗಿಂತ ಏನೂ ಓದದೆ ಬಂದವರೇ ಇಲ್ಲಿ ಬೇಗ ಹೊಂದಿಕೊಳ್ಳುತ್ತಾರೆ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಬೇರೆ ದೇಶದ ಕಂಪನಿಗೆ ಇಲ್ಲಿಂದಲೇ ಕೆಲಸ ಮಾಡುವವರಿಗೆ ಕೊಡುವ ಡಿಜಿಟಲ್ ನೊಮ್ಯಾಡ್ ವೀಸಾ ಶುರುವಾದ ಮೇಲೆ ನಮ್ಮವರೂ ಇತ್ತ ಕಣ್ಣು ಹಾಯಿಸುತ್ತಿದ್ದಾರೆ. ಮೊದಲು ಗಡಿಯಾರದ ಲೆಕ್ಕ ಹಾಕಿಕೊಳ್ಳಿ. ಭಾರತ ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ, ಬೇಸಿಗೆಯಲ್ಲಿ ನಾಲ್ಕೂವರೆ. ಬೆಂಗಳೂರಿನ ಬೆಳಗಿನ 9.30ರ ಮೀಟಿಂಗ್ ಎಂದರೆ ಜನವರಿಯಲ್ಲಿ ಇಲ್ಲಿ ನಸುಕಿನ 4 ಗಂಟೆ. ಮಧ್ಯಾಹ್ನ ಒಂದಕ್ಕೆ ಕೆಲಸ ಮುಗಿಸಿ ಊಟಕ್ಕೆ ಹೋದರೆ ಹೋಟೆಲಿನವರು ಇನ್ನೂ ಮೇಜು ಒರೆಸುತ್ತಿರುತ್ತಾರೆ. ಇಲ್ಲಿ ಊಟ ಎರಡರ ಮೇಲೆ, ರಾತ್ರಿಯೂಟ ಒಂಬತ್ತರ ಮೇಲೆ. ನಡುವೆ ಸಣ್ಣ ಅಂಗಡಿಗಳು ಬಾಗಿಲೆಳೆದುಕೊಂಡು ಐದರ ತನಕ ಮಲಗುತ್ತವೆ.

ಕಡಿಮೆ ಇರುವುದು ಗಂಟೆ ಮಾತ್ರವಲ್ಲ, ತೆರಿಗೆಯೂ. ಮುಖ್ಯ ಸ್ಪೇನಿನಲ್ಲಿ ವ್ಯಾಟ್ ಶೇ. 21, ಇಲ್ಲಿ ಅದರ ಬದಲು ‘ಇಗಿಕ್’ ಎಂಬ ಸ್ಥಳೀಯ ತೆರಿಗೆ, ಸಾಮಾನ್ಯ ದರ ಶೇ. 7. ಕೇಳಲು ಸಿಹಿ. ಆದರೆ ಇದೇ ಕಾರಣಕ್ಕೆ ದ್ವೀಪಗಳು ಯುರೋಪಿನ ವ್ಯಾಟ್ ಬೇಲಿಯ ಹೊರಗಿವೆ. ಬಾರ್ಸಿಲೋನಾದಿಂದ ತರಿಸಿದ ಚಪ್ಪಲಿಯೂ ಕಸ್ಟಮ್ಸ್ ದಾಟಿಯೇ ಬರಬೇಕು. ಎಷ್ಟೋ ಆನ್‌ಲೈನ್ ಅಂಗಡಿಗಳು ಈ ಉಸಾಬರಿಯೇ ಬೇಡವೆಂದು ‘ಕನಾರಿಯಾಸ್‌ಗೆ ಕಳಿಸುವುದಿಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. 150 ಯೂರೊ ಒಳಗಿನ ಸಾಮಾನ್ಯ ಪಾರ್ಸೆಲ್‌ಗೆ ಇಲ್ಲಿ ತೆರಿಗೆ ಇಲ್ಲ. ಹಾಗಾಗಿ ದೊಡ್ಡ ಆರ್ಡರನ್ನು ಬೇರೆಬೇರೆಯಾಗಿ ತರಿಸಿಕೊಳ್ಳುವವರೂ ಉಂಟು. ಎಲ್ಲವೂ ಒಂದೇ ದಿನ ಒಂದೇ ಹೆಸರಿಗೆ ಬಂದಿಳಿದರೆ ಒಟ್ಟು ಮಾಡಿ ಲೆಕ್ಕ ಹಾಕುತ್ತಾರೆ, ಜಾಣತನ ಅಲ್ಲಿಗೆ ಮುಗಿಯಿತು. ಕೊರಿಯರ್‌ನವರ ಕಾಗದಪತ್ರದ ಶುಲ್ಕ ಬೇರೆ. ಕೊಳ್ಳುವ ಮುಂಚೆ ಅದನ್ನು ಕೇಳಿಕೊಳ್ಳದಿದ್ದರೆ ಚಪ್ಪಲಿಗಿಂತ ಚಪ್ಪಲಿಯ ದಾಖಲೆಯೇ ದುಬಾರಿ. ಊರಿನಿಂದ ಮಿಕ್ಸಿ ತರುವುದಾದರೆ ಧೈರ್ಯವಾಗಿ ತನ್ನಿ. ವೋಲ್ಟೇಜ್ ನಮ್ಮದೇ, ಪ್ಲಗ್ ಮಾತ್ರ ಬದಲಿಸಬೇಕು. ಆದರೆ ಮನೆಗಳಲ್ಲಿ ವಿದ್ಯುತ್ತಿಗೆ ಒಪ್ಪಂದದ ಮಿತಿ ಇರುತ್ತದೆ. 3.45 ಕಿಲೋವ್ಯಾಟ್ ಒಪ್ಪಂದದ ಮನೆಯಲ್ಲಿ ಓವನ್, ಕೆಟಲ್, ವಾಷಿಂಗ್ ಮಷಿನ್ ಒಟ್ಟಿಗೆ ಹಾಕಿದರೆ ಇಡೀ ಮನೆ ಕತ್ತಲು.

ಕಾಗದಪತ್ರಗಳಲ್ಲಿ ಕನ್ನಡಿಗರನ್ನು ಕಾಡುವುದು ಸ್ಪ್ಯಾನಿಷ್ ಭಾಷೆಯಲ್ಲ, ಇನಿಷಿಯಲ್. ಇಲ್ಲಿನವರಿಗೆ ಎರಡೆರಡು ಮನೆತನದ ಹೆಸರು, ಅಪ್ಪನದೊಂದು, ಅಮ್ಮನದೊಂದು. ಫಾರ್ಮಿನಲ್ಲಿಯೂ ಎರಡು ಖಾನೆ. ಅಪ್ಪನ ಹೆಸರು, ಊರಿನ ಹೆಸರು ಎರಡನ್ನೂ ಒಂದೊಂದು ಅಕ್ಷರಕ್ಕೆ ಇಳಿಸಿಕೊಂಡ ನಮ್ಮ ‘ಕೆ. ಎಸ್.’ ಅಲ್ಲಿ ಎಲ್ಲಿ ಕೂರಬೇಕು? ಪರಿಹಾರ ಒಂದೇ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಅದೇ ಕ್ರಮದಲ್ಲಿ, ಎಲ್ಲ ಕಡೆ ಬರೆಯಿಸಿ: ಪುರಸಭೆಯ ವಿಳಾಸ ನೋಂದಣಿಯಾದ ಪದ್ರೋನ್, ವಿದೇಶಿಯರ ಗುರುತಿನ ಚೀಟಿ, ಬ್ಯಾಂಕು. ಎರಡನೆಯ ಖಾನೆ ಖಾಲಿ ಬಿಡಿ. ಕೌಂಟರಿನವರು ಕನಿಕರಪಟ್ಟು ಏನನ್ನಾದರೂ ತುಂಬಲು ಹೊರಟರೆ ಕೂಡಲೇ ತಡೆಯಿರಿ. ಒಂದು ಕಡೆ ಅಪ್ಪನ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ ಬಂತೆಂದರೆ ಕಂಪ್ಯೂಟರಿನ ಪಾಲಿಗೆ ನೀವು ಇಬ್ಬರು. ಸ್ಪೇನಿಗೆ ಬಂದ ತಿಂಗಳೊಳಗೆ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಇಎಕ್ಸ್-17 ಫಾರ್ಮು, 790-012 ನಮೂನೆಯಲ್ಲಿ ಬ್ಯಾಂಕಿಗೆ ಕಟ್ಟಿದ ಶುಲ್ಕದ ರಸೀದಿ, ಫೋಟೊ, ಪಾಸ್‌ಪೋರ್ಟಿನ ಮೂಲ ಮತ್ತು ನಕಲು. ಎಲ್ಲಕ್ಕಿಂತ ಮೊದಲು ಬೆರಳಚ್ಚಿಗೆ ‘ಸೀತಾ ಪ್ರೇವಿಯಾ’. ಯಾವ ಸೀತೆಯೂ ಅಲ್ಲ, ಮುಂಗಡ ಅಪಾಯಿಂಟ್‌ಮೆಂಟ್. ಸಿಗುವುದು ಮಾತ್ರ ಅಶೋಕವನದಲ್ಲಿ ಹುಡುಕಿದಷ್ಟೇ ಕಷ್ಟ.

ಬಸ್ಸಿಗೆ ಇಲ್ಲಿ ‘ಗ್ವಾಗ್ವಾ’ ಎನ್ನುತ್ತಾರೆ. ನಿಲ್ದಾಣದಲ್ಲಿ ಸುಮ್ಮನೆ ನಿಂತರೆ ಅದು ನಿಲ್ಲದೆ ಹೋಗುತ್ತದೆ, ಕೈ ಚಾಚಬೇಕು. ಟೆನೆರಿಫೆ ದ್ವೀಪದಲ್ಲಿ ಊರಿಂದೂರಿಗೆ ಹೋಗುವಾಗ ಇಳಿಯುವ ಹೊತ್ತಿಗೂ ಬಸ್ ಕಾರ್ಡ್ ತೋರಿಸುವುದನ್ನು ಮರೆಯಬೇಡಿ. ಅಂಗಡಿಯಾಕೆ ಎಪ್ಪತ್ತರ ಮುದುಕನನ್ನೂ ‘ಮಿ ನಿನ್ಯೊ’, ನನ್ನ ಮಗುವೇ, ಎಂದೇ ಮಾತಾಡಿಸುತ್ತಾಳೆ. ಅದು ಪ್ರೀತಿಯೂ ಅಲ್ಲ, ತಮಾಷೆಯೂ ಅಲ್ಲ, ಬರೀ ವಾಡಿಕೆ.

ಈಗ ಆಲೂಗಡ್ಡೆ. ಸ್ಪೇನಿನವರ ‘ಪತಾತಾ’ ಇಲ್ಲಿ ‘ಪಾಪಾ’. ಇಂಗ್ಲೆಂಡಿನಿಂದ ಬಂದ ‘ಕಿಂಗ್ ಎಡ್ವರ್ಡ್’ ಬೀಜದ ಗಡ್ಡೆ ಜನರ ಬಾಯಲ್ಲಿ ‘ಚಿನೇಗ್ವಾ’ ಆಗಿದೆ, ‘ಅಪ್ ಟು ಡೇಟ್’ ಎಂಬ ತಳಿ ‘ಔತೊದಾತೆ’. ಸುಕ್ಕು ಆಲೂಗಡ್ಡೆ, ಅಂದರೆ ‘ಪಾಪಾಸ್ ಅರ್ರುಗಾದಾಸ್’, ಮಾಡಲು ನಿಂಬೆ ಗಾತ್ರದ ಗಡ್ಡೆ ಒಂದು ಕಿಲೊ, ಕಲ್ಲುಪ್ಪು ಕಾಲು ಕಿಲೊ. ಅಳತೆ ತಪ್ಪಾಗಿ ಅಚ್ಚಾಗಿಲ್ಲ, ಕಾಲು ಕಿಲೊನೇ. ಸಿಪ್ಪೆ ತೆಗೆಯದೆ ತೊಳೆದು, ಮುಳುಗುವಷ್ಟೇ ನೀರು ಹಾಕಿ ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿ. ನೀರು ಪೂರ್ತಿ ಬಸಿದು ಪಾತ್ರೆಯನ್ನು ಮತ್ತೆ ಸಣ್ಣ ಉರಿಯ ಮೇಲಿಟ್ಟು ಎರಡು ಮೂರು ನಿಮಿಷ ಅಲುಗಾಡಿಸುತ್ತಿರಿ. ಸಿಪ್ಪೆ ಸುಕ್ಕಾಗಿ ಮೇಲೆ ಉಪ್ಪಿನ ಬಿಳಿ ಪುಡಿ ಕೂರಬೇಕು. ಗಡ್ಡೆ ದೊಡ್ಡದೆಂದು ಕತ್ತರಿಸಿದಿರೋ, ಉಪ್ಪು ಒಳಕ್ಕಿಳಿದು ಬಾಯಿಗಿಡಲಾಗದು. ಕೊನೆಯ ಅಲುಗಾಟ ಬಿಟ್ಟಿರೋ, ಅದು ಬರೀ ಬೇಯಿಸಿದ ಆಲೂಗಡ್ಡೆ.

ಜತೆಗಿರುವ ಕೆಂಪು ‘ಮೋಹೊ’ ನಮ್ಮ ಬೆಳ್ಳುಳ್ಳಿ ಚಟ್ನಿಯ ದೂರದ ನೆಂಟ. ಐದಾರು ಎಸಳು ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಉಪ್ಪು ಮೊದಲು ಕುಟ್ಟಿ. ನೆನೆಸಿದ ಒಣಮೆಣಸಿನಕಾಯಿ ಒಂದೆರಡು, ಒಂದು ಚಮಚ ಪಿಮೆಂತೋನ್, ಅಂದರೆ ಸ್ಪೇನಿನ ಕೆಂಪು ಮೆಣಸಿನ ಪುಡಿ, ಸೇರಿಸಿ ನುಣ್ಣಗೆ ಮಾಡಿ, ಅರ್ಧ ಲೋಟ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಾ ಕಲಸಿ, ಎರಡು ಚಮಚ ವಿನೆಗರ್ ಹಾಕಿ. ಎಣ್ಣೆ ಒಮ್ಮೆಲೇ ಸುರಿದರೆ ಒಡೆದು ಮೇಲೆ ತೇಲುತ್ತದೆ. ಬ್ಯಾಡಗಿ ಮೆಣಸಿನಕಾಯಿ ಇದಕ್ಕೆ ಸೊಗಸಾಗಿ ಒಗ್ಗುತ್ತದೆ, ಬಣ್ಣಕ್ಕಂತೂ ಮೋಸವಿಲ್ಲ. ಜೀರಿಗೆ, ಬೇಳೆ ಸಿಗುತ್ತವೆಯೇ ಎಂಬ ಚಿಂತೆ ಬೇಡ. 1852ರಲ್ಲಿ ಇಲ್ಲಿನ ಬಂದರುಗಳು ಸುಂಕಮುಕ್ತವಾದ ಬಳಿಕ, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಸಿಂಧಿ ವ್ಯಾಪಾರಿಗಳು ಬಂದು ನೆಲೆಯೂರಿದ್ದಾರೆ.

ಇನ್ನು ‘ಗೋಫಿಯೊ’. ಮೆಕ್ಕೆಜೋಳ ಅಥವಾ ಗೋಧಿ ಹುರಿದು ಬೀಸಿದ ಹಿಟ್ಟು. ಸ್ಪೇನಿನವರು ಬರುವ ಮೊದಲಿದ್ದ ಮೂಲನಿವಾಸಿಗಳು ಇದನ್ನು ಹೆಚ್ಚಾಗಿ ಬಾರ್ಲಿಯಿಂದ ಮಾಡಿ ತಿನ್ನುತ್ತಿದ್ದರು. ಪ್ರವಾಸಿಗರು ಮೂಸಿ ಮೂಗು ಮುರಿಯುತ್ತಾರೆ. ಹುರಿಹಿಟ್ಟು ತಿಂದು ಬೆಳೆದವರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಜೇನು, ಬಾಳೆಹಣ್ಣು ಹಾಕಿ ನಾದಿದರೆ ಉಂಡೆ, ಹಾಲಿಗೆ ಬೆರೆಸಿದರೆ ಬೆಳಗಿನ ತಿಂಡಿ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ‘ಎಸ್ಕಾಲ್ದೋನ್’ ಎಂಬ ಗೋಫಿಯೊ ಮುದ್ದೆಯನ್ನು ಬಹುಪಾಲು ಮೀನಿನ ಅಥವಾ ಮಾಂಸದ ಸಾರಿನಲ್ಲೇ ತಿರುವುತ್ತಾರೆ. ‘ಮಿಶ್ರ ಸಲಾಡ್’ ಎಂದರೆ ಮೇಲೆ ಟ್ಯೂನಾ ಮೀನು ಇರುತ್ತದೆ. ‘ಕಾರ್ನೆ’, ಅಂದರೆ ಮಾಂಸ, ಬೇಡ ಎಂದರೆ ಸಾಲದು, ಏಕೆಂದರೆ ಇಲ್ಲಿನ ಲೆಕ್ಕದಲ್ಲಿ ಹಂದಿಯ ಹ್ಯಾಮ್ ಮಾಂಸವಲ್ಲ. ‘ಸಿನ್ ಕಾರ್ನೆ, ನಿ ಹಮೋನ್, ನಿ ಅತೂನ್’, ಮಾಂಸ, ಹ್ಯಾಮ್, ಟ್ಯೂನಾ ಯಾವುದೂ ಬೇಡ, ಎಂದು ಮಂತ್ರದಂತೆ ಪೂರ್ತಿ ಹೇಳಿ. ಇಲ್ಲಿನ ಬಾಳೆಹಣ್ಣಿನ ಮೇಲಿನ ಕಪ್ಪು ಚುಕ್ಕೆಗೆ ಹೆದರಬೇಡಿ, ಅದನ್ನೇ ಹೆಮ್ಮೆಯಿಂದ ಜಾಹೀರಾತು ಮಾಡುತ್ತಾರೆ. ನಮ್ಮ ಪಚ್ಚಬಾಳೆಯ ಕುಲದ್ದೇ, ಆದರೆ ಗಿಡ್ಡ, ಹೆಚ್ಚು ಸಿಹಿ.

ಮನೆ ಹಿಡಿಯುವಾಗ ಸಮುದ್ರದ ನೋಟಕ್ಕಿಂತ ಗೋಡೆ ನೋಡಿ. ಈಶಾನ್ಯದಿಂದ ಬೀಸುವ ಗಾಳಿ ಬೆಟ್ಟಕ್ಕೆ ತಾಗಿ ಮೇಲೇರುತ್ತದೆ, ಮೇಲಿರುವ ಒಣ ಬಿಸಿಗಾಳಿ ಅದನ್ನು ಮುಚ್ಚಳದಂತೆ ಒತ್ತಿ ಹಿಡಿಯುತ್ತದೆ. ನಡುವೆ ಸಿಕ್ಕ ಮೋಡಕ್ಕೆ ಜನ ಇಟ್ಟ ಹೆಸರು ‘ಪಾನ್ಸಾ ದೆ ಬುರ್ರೊ’, ಕತ್ತೆಯ ಹೊಟ್ಟೆ. ಅದಕ್ಕೇ ಟೆನೆರಿಫೆಯ ಉತ್ತರ ಮಲೆನಾಡು, ದಕ್ಷಿಣ ಬಯಲುಸೀಮೆ, ನಡುವೆ ಒಂದೇ ತಾಸಿನ ದಾರಿ. ‘ಸದಾ ವಸಂತ’ ಎಂಬ ಜಾಹೀರಾತು ನಂಬಿ ಲಾ ಲಗೂನಾದಂಥ ಎತ್ತರದ ಊರಲ್ಲಿ ಮನೆ ಹಿಡಿದರೆ ಜನವರಿಯಲ್ಲಿ ಒಳಗೇ ಸ್ವೆಟರ್ ಬೇಕು, ಮನೆ ಬೆಚ್ಚಗಾಗಿಸುವ ವ್ಯವಸ್ಥೆ ಇರುವುದು ಅಪರೂಪ. ಕಪಾಟಿನ ಬಾಗಿಲು ತೆರೆದು ಮೂಸಿ. ಹೊಸದಾಗಿ ಬಳಿದ ಬಿಳಿ ಸುಣ್ಣ ಕಂಡರೆ ಅನುಮಾನಿಸಿ, ಬೂಷ್ಟು ಅದರ ಹಿಂದೆಯೇ ಇರುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ಕುಡಿಯುವ ನೀರನ್ನೂ ವಿಚಾರಿಸಿ. ಲಾನ್ಸರೋತೆ ದ್ವೀಪದವರು 1960ರ ದಶಕದಿಂದಲೇ ಸಮುದ್ರದ ನೀರನ್ನು ಸಿಹಿಯಾಗಿಸಿ ಕುಡಿಯುತ್ತಿದ್ದಾರೆ. ಉತ್ತರ ಟೆನೆರಿಫೆಯ ಕೆಲವು ಊರುಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಪಾವಗಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ ‘ಕಲೀಮಾ’, ಸಹಾರಾ ಮರುಭೂಮಿಯ ಧೂಳು. 2020ರ ಫೆಬ್ರುವರಿಯಲ್ಲಿ ಕಾರ್ನಿವಲ್ ಹೊತ್ತಿಗೇ ಬಂದು ವಿಮಾನ ನಿಲ್ದಾಣಗಳನ್ನು ಮುಚ್ಚಿಸಿತ್ತು. ಬಂದಾಗ ಆಕಾಶ ಅರಿಶಿನ ಕಲಸಿದಂತಾಗುತ್ತದೆ, ಗಂಟಲು ಒಣಗುತ್ತದೆ, ದೂರದ ಬೆಟ್ಟ ಮಾಯ. ಕಿಟಕಿ ಮುಚ್ಚಿ, ಅಸ್ತಮಾ ಇದ್ದವರು ಒಳಗಿರಿ. ಕಾರನ್ನು ಒಣಬಟ್ಟೆಯಲ್ಲಿ ಒರೆಸಬೇಡಿ. ಅದು ಧೂಳಲ್ಲ, ಮರಳಿನ ಕಾಗದ, ಬಣ್ಣಕ್ಕೆ ಗೀರು ಬೀಳುತ್ತದೆ. ಮೊದಲು ನೀರು ಹುಯ್ಯಿರಿ. ಎರಡು ಹನಿ ಮಳೆ ಬಿದ್ದರಂತೂ ಕೆಸರಿನದೇ ಮಳೆ. ಹವಾಮಾನ ಇಲಾಖೆಯವರು ಮುಂಚೆಯೇ ಎಚ್ಚರಿಸುತ್ತಾರೆ. ಪಕ್ಕದ ಮನೆಯ ಅಜ್ಜಿ ಬಿಸಿಲಿರುವಾಗಲೇ ಅರೆಒಣಗಿದ ಬಟ್ಟೆ ಎಳೆದುಕೊಳ್ಳುತ್ತಿದ್ದರೆ ಫೋನ್ ತೆಗೆದು ನೋಡುತ್ತಾ ನಿಲ್ಲಬೇಡಿ, ನಿಮ್ಮದನ್ನೂ ಎಳೆದುಕೊಳ್ಳಿ.