ಎಡಗೈ ಮೇಲೆ ಕೂತು ಬರೆಯುವ ಮಗಳು

ಮೊನ್ನೆ ಸಂಜೆ ಮಗಳು ಹೋಂವರ್ಕ್ ಬರೆಯುತ್ತಿದ್ದಳು. ಒಂದನೇ ಕ್ಲಾಸು. (ಎರಡನೇ ಕ್ಲಾಸಿನವರೆಗೆ ಹೋಂವರ್ಕ್ ಬೇಡ ಅಂತ 2020ರ ಸ್ಕೂಲ್ ಬ್ಯಾಗ್ ನೀತಿ ಹೇಳುತ್ತದೆ. ಆ ಜಗಳ ಇನ್ನೊಂದು ದಿನ ಆಡೋಣ.) ಯಾಕೋ ಒಂದು ಪಕ್ಕಕ್ಕೆ ವಾಲಿದ್ದಾಳಲ್ಲ ಅಂತ ನೋಡಿದರೆ, ಎಡಗೈಯನ್ನು ತೊಡೆ ಕೆಳಗೆ ಇಟ್ಟು ಅದರ ಮೇಲೆ ಕೂತಿದ್ದಾಳೆ!

"ಯಾಕೆ ಪುಟ್ಟಿ ಹೀಗೆ?"

"ಮಿಸ್ ಹೀಗೇ ಕೂತ್ಕೊಂಡು ಬರಿ ಅಂದಿದ್ದಾರೆ. ಇಲ್ಲಾಂದ್ರೆ ಆ ಕೈ ಎದ್ದು ಬರುತ್ತಂತೆ."

ಅವಳು ಎಡಗೈಯವಳು ಅಂತ ನಮಗೆ ಮೊದಲೇ ಗೊತ್ತು. ಅಕ್ಷರಾಭ್ಯಾಸದ ದಿನ ಭಟ್ಟರು ಬಲಗೈ ಹಿಡಿದು ಅಕ್ಕಿ ಮೇಲೆ ಬರೆಸಿದರು. ಅವರು ಕೈ ಬಿಟ್ಟ ತಕ್ಷಣ ಇವಳು ಎಡಗೈ ಬೆರಳಿಟ್ಟು ಗೀಚಿದಳು. ಎಲ್ಲರೂ ನಕ್ಕಿದ್ದೆವು.

ಮಾರನೇ ದಿನ ಶಾಲೆಗೆ ಹೋದೆ. ಮಿಸ್ ಕೆಟ್ಟವರಲ್ಲ, ಕೂಗಾಡುವವರೂ ಅಲ್ಲ. ತಣ್ಣಗೆ ಹೇಳಿದರು, "ನೋಡಿ ಮೇಡಂ, ಈಗ ತಿದ್ದಿದ್ರೆ ಉಂಟು. ಆಮೇಲೆ ನಿಮಗೇ ಕಷ್ಟ. ಹೆಣ್ಣುಮಗು ಬೇರೆ." ಕೊನೆಯ ಮಾತಿಗೆ ಮೈ ಉರಿದು ಹೋಯಿತು. ಪಕ್ಕದಲ್ಲಿ ಕೂರುವ ಹುಡುಗನಿಗೆ ಮೊಣಕೈ ತಾಗುತ್ತದಂತೆ, ಅವನ ಅಮ್ಮ ಬಂದು ದೂರು ಹೇಳಿದ್ದಾರಂತೆ. ಅದಕ್ಕೇನು, ಇವಳನ್ನು ಬೆಂಚಿನ ಎಡತುದಿಯಲ್ಲಿ ಕೂರಿಸಿದರೆ ಮುಗೀತಲ್ವಾ? ಪುಸ್ತಕದ ತಲೆಭಾಗವನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿಟ್ಟರೆ, ಪೆನ್ಸಿಲ್ಲನ್ನು ತುಸು ಮೇಲೆ ಹಿಡಿಸಿದರೆ, ಬರೆದದ್ದು ಅವಳಿಗೇ ಕಾಣುತ್ತದೆ, ಕೈ ಉಜ್ಜಿ ಅಳಿಸುವುದೂ ಕಡಿಮೆ. ಇಷ್ಟೇ ಕೇಳಿದ್ದು ನಾನು. "40 ಮಕ್ಕಳಲ್ಲಿ ಒಬ್ಬೊಬ್ಬರಿಗೂ ಹೀಗೆ ಮಾಡೋಕಾಗುತ್ತಾ?" ಅಂದರು.

100 ಜನರಲ್ಲಿ ಸುಮಾರು 10 ಮಂದಿ ಎಡಗೈಯವರೇ. ಅಂದರೆ ಆ ಕ್ಲಾಸಿನಲ್ಲಿ ಇನ್ನೂ ಎರಡು ಮೂರು ಮಕ್ಕಳು ಇರಬಹುದು. ಅವರೂ ಕೈ ಮೇಲೆ ಕೂತಿದ್ದಾರಾ? ಬಲಗೈ ಬ್ಯಾಟ್ಸ್‌ಮನ್ ಸಚಿನ್ ತೆಂಡೂಲ್ಕರ್ ಆಟೋಗ್ರಾಫ್ ಹಾಕುವುದು ಎಡಗೈಯಲ್ಲಿ. ಅದರಿಂದ ಯಾರಿಗೇನು ನಷ್ಟವಾಯಿತು?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಓದಿಕೊಂಡೇ ಹೋಗಿದ್ದೆ. ಆದರೆ ಬಾಯಿಬಿಡಲಿಲ್ಲ. ಯಾಕೆ ಅಂತ ಮಕ್ಕಳಿರುವ ಎಲ್ಲರಿಗೂ ಗೊತ್ತು. ನಾನು ದಬಾಯಿಸಿ ಮನೆಗೆ ಬರಬಹುದು, ಅವಳು ಮಧ್ಯಾಹ್ನದವರೆಗೆ ಅವರೆದುರೇ ಕೂರಬೇಕಲ್ಲ.

ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಮನೆಯಲ್ಲಿ ನಾವೇನೂ ಸಾಚಾ ಅಲ್ಲ. ತಟ್ಟೆಗೆ ಎಡಗೈ ಹಾಕಿದರೆ "ಆ ಕೈ ಅಲ್ಲ" ಅಂತ ನಾನೇ ಅನ್ನುತ್ತೇನೆ. ದೇವಸ್ಥಾನದಲ್ಲಿ ಪ್ರಸಾದಕ್ಕೆ ಎಡಗೈ ಚಾಚಿದರೆ ಅತ್ತೆ ಮೆಲ್ಲಗೆ ಕೈ ಸರಿಸುತ್ತಾರೆ. ಮಿಸ್ ಕೂಡ ಇಂಥದೇ ಮನೆಯಲ್ಲಿ ಬೆಳೆದವರು ತಾನೇ. ಆದರೂ, ಪಾಠ ಹೇಳುವುದನ್ನು ಕಲಿತು ಬಂದವರಿಗೆ ಇಷ್ಟು ತಿಳಿದಿರಬೇಡವಾ?

ನಿನ್ನೆ ಡೈರಿಯಲ್ಲಿ ವಿನಯವಾಗಿ ಬರೆದು ಕಳಿಸಿದೆ: ದಯವಿಟ್ಟು ಎಡಗೈಯಲ್ಲೇ ಬರೆಯಲು ಬಿಡಿ, ಬೆಂಚಿನ ಎಡತುದಿಯಲ್ಲಿ ಕೂರಿಸಿ. ಕೆಳಗೆ ಕೆಂಪು ಇಂಕಿನಲ್ಲಿ "ಸೀನ್" ಅಂತ ಬರೆದು ಸಹಿ ಹಾಕಿದ್ದಾರೆ. ಬೇರೆ ಒಂದಕ್ಷರ ಇಲ್ಲ.

ಸೋಮವಾರ ಹೆಡ್ ಮೇಡಂ ಹತ್ತಿರ ಹೋಗುತ್ತಿದ್ದೇನೆ. ಎಡಗೈ ಮಕ್ಕಳ ಅಪ್ಪ ಅಮ್ಮಂದಿರು ಇಲ್ಲಿದ್ದರೆ, ನೀವು ಶಾಲೆಯಲ್ಲಿ ಹೇಗೆ ಮಾತಾಡಿದಿರಿ, ಸ್ವಲ್ಪ ಹೇಳಿ.