ಸ್ವಂತ ರಿಪೇರಿ, ಸಾಲದ ಸ್ಪ್ಯಾನರ್

ಮೈಸೂರಿನಲ್ಲಿ ಹಳೆಯ ಯೆಜ್ಡಿ ಬೈಕ್ ಕೊಂಡವನಿಗೆ ಮೆಕ್ಯಾನಿಕ್ ಸಿಗುವುದು ದುರ್ಲಭ, ಸಲಹೆಗಾರರು ಸಿಗದಿರುವುದು ಅಸಾಧ್ಯ. ಇದಕ್ಕೆ ಚಾರಿತ್ರಿಕ ಕಾರಣವಿದೆ. 1960ರ ದಶಕದ ಆರಂಭದಿಂದ 1996ರವರೆಗೆ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೊದಲು ಜಾವಾಗಳೂ ಅನಂತರ ಯೆಜ್ಡಿಗಳೂ ಹೊರಬಂದವಾದ್ದರಿಂದ, ಈ ಊರಿನ ಪ್ರತಿ ಬೀದಿಯಲ್ಲೂ ಒಂದೋ ಅಲ್ಲಿ ದುಡಿದವರು, ಇಲ್ಲವೇ ಅಲ್ಲಿ ದುಡಿದವರ ಅಳಿಯಂದಿರು, ಅದೂ ಇಲ್ಲದಿದ್ದರೆ ಬಾಲ್ಯದಲ್ಲಿ ಸೋದರಮಾವನ ಜಾವಾದ ಸೈಲೆನ್ಸರಿಗೆ ಕಾಲು ತಾಗಿಸಿಕೊಂಡು ಮೀನಖಂಡದ ಮೇಲೆ ಕಲೆ ಉಳಿಸಿಕೊಂಡವರು ಇದ್ದೇ ಇರುತ್ತಾರೆ. ಆ ಕಲೆಯೇ ಅವರ ಅರ್ಹತಾಪತ್ರ. ಕಾರ್ಖಾನೆಗೆ ಬೀಗ ಬಿದ್ದು ದಶಕಗಳು ಕಳೆದಿವೆ. ಅದರ ತಪಾಸಣಾ ವಿಭಾಗ ಮಾತ್ರ ಒಂದು ದಿನವೂ ರಜೆ ತೆಗೆದುಕೊಂಡಿಲ್ಲ.

ನನ್ನದು ರೋಡ್‌ಕಿಂಗ್: 250 ಸಿಸಿ, ಒಂದು ಸಿಲಿಂಡರು, ಎರಡು ಸೈಲೆನ್ಸರು, ಟೂ ಸ್ಟ್ರೋಕ್. ಗೇರು ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದು ಕಿಕ್ಕರ್ ಆಗುತ್ತದೆ ಎಂಬ ರಹಸ್ಯ ತಿಳಿಯದ ಕಳ್ಳರು ಅದನ್ನು ಕದಿಯಲಾರರು. ತಿಳಿದ ಕಳ್ಳರಿಗೆ ಈಗ ಮಂಡಿನೋವು ಬಂದಿದೆ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೊಸ ಅವತಾರದಲ್ಲಿ ಮರಳಿ ಬಂದವಾದರೂ ಅವು ಫೋರ್ ಸ್ಟ್ರೋಕ್ ಗಾಡಿಗಳು, ಫ್ಯೂಯಲ್ ಇಂಜೆಕ್ಷನ್ ಇರುವಂಥವು. ಅವುಗಳ ಕಾಯಿಲೆಯನ್ನು ಕಂಪ್ಯೂಟರ್ ಹಚ್ಚಿ ವಿಚಾರಿಸಬಹುದು. ನನ್ನ ಗಾಡಿಯನ್ನು ಒಯ್ದಿದ್ದ ಒಂದು ಗ್ಯಾರೇಜಿನ ಹುಡುಗ ಅದರ ಸುತ್ತ ಗೌರವದಿಂದ ಪ್ರದಕ್ಷಿಣೆ ಹಾಕಿ, ಸೀಟಿನಡಿ ಇಣುಕಿ, ಬ್ಯಾಟರಿ ಮುಚ್ಚಳ ತೆಗೆದು, ಕೊನೆಗೆ "ಸಾರ್, ಇದಕ್ಕೆ ಸೆನ್ಸರ್ ಎಲ್ಲಿ ಕೊಟ್ಟಿದ್ದಾರೆ?" ಎಂದು ಕೇಳಿದ. ಅಲ್ಲಿಂದ ಗಾಡಿಯನ್ನು ತಳ್ಳಿಕೊಂಡು ಹೊರಟವನು ನೇರವಾಗಿ ಸೇರಿದ್ದು, ಭಾನುವಾರದ ಬೆಳಗುಗಳಲ್ಲಿ ಕುವೆಂಪುನಗರದ ಒಂದು ಮನೆಯಂಗಳದಲ್ಲಿ ಕೂಡುವ ಯೆಜ್ಡಿ ಸವಾರರ ಬಳಗವನ್ನು.

"ನಿಮ್ಮ ಗಾಡಿ, ನೀವೇ ಬಿಚ್ಚಬೇಕು, ನಾವು ಯಾರೂ ಕೈ ಹಾಕುವುದಿಲ್ಲ" ಎಂಬುದು ಆ ಬಳಗದ ಏಕೈಕ ನಿಯಮ. ನಿಯಮದಲ್ಲಿ ಬಾಯಿಯ ಪ್ರಸ್ತಾಪವಿಲ್ಲ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವರೊಬ್ಬರು, ಒಬ್ಬ ದಂತವೈದ್ಯರು, ಹೂವಿನ ವ್ಯಾಪಾರಿಯೊಬ್ಬರು, ಮತ್ತು ಕಾರ್ಖಾನೆಯ ಜೋಡಣಾ ವಿಭಾಗದಲ್ಲಿ ದುಡಿದು ಈಗ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಗಮನಿಸುವ ಹಿರಿಯರೊಬ್ಬರು: ಇವರು ಖಾಯಂ ಸದಸ್ಯರು. ಹಿರಿಯರನ್ನು ಬಿಟ್ಟರೆ ಉಳಿದವರಾರೂ ಒಂದು ವಾಕ್ಯವನ್ನು ಇನ್ನೊಬ್ಬರಿಗೆ ಮುಗಿಸಲು ಬಿಟ್ಟಿದ್ದನ್ನು ನಾನು ಕಂಡಿಲ್ಲ.

ನನ್ನ ಮೊದಲ ಪಾಠ ಆಯಿಲ್ ಬೆರೆಸುವುದು. ಟೂ ಸ್ಟ್ರೋಕ್ ಇಂಜಿನ್ನಿಗೆ ಪೆಟ್ರೋಲಿನೊಂದಿಗೇ ಆಯಿಲನ್ನೂ ಕುಡಿಸಬೇಕು. ಪಿಸ್ಟನ್ನಿಗೂ ಕ್ರ್ಯಾಂಕಿನ ಬೇರಿಂಗುಗಳಿಗೂ ಅದೇ ಜೀವಾಧಾರ. ಲೀಟರಿಗೆ 40 ಮಿ.ಲೀ. ಎಂಬುದು ಹಳಬರ ಪಂಥ, ಅದಕ್ಕಿಂತ ಕಡಿಮೆಯಾದರೆ ಇಂಜಿನ್ ಸೀಜ್ ಆಗಿ ನಡುರಸ್ತೆಯಲ್ಲಿ ಹಿಂದಿನ ಚಕ್ರ ಕಚ್ಚಿಕೊಳ್ಳುತ್ತದೆಂದು ಅವರು ಹೆದರಿಸುತ್ತಾರೆ. ಈಗಿನ 2ಟಿ ಆಯಿಲು ಹಿಂದಿನದಕ್ಕಿಂತ ಉತ್ತಮವಾದ್ದರಿಂದ 30 ಸಾಕು, ಹೆಚ್ಚಾದದ್ದೆಲ್ಲ ಇಂಗಾಲವಾಗಿ ಪ್ಲಗ್ಗಿಗೂ ಸೈಲೆನ್ಸರಿಗೂ ಮೆತ್ತಿಕೊಳ್ಳುತ್ತದೆ ಎಂಬುದು ಹೊಸ ಪಂಥ. ಬ್ಯಾಂಕ್ ಅಧಿಕಾರಿಗಳು ಒಮ್ಮೆ ರಾಜಿಸೂತ್ರವಾಗಿ 35 ಎಂದು ಹೇಳಿ ಎರಡೂ ಕಡೆಯವರ ವಿಶ್ವಾಸವನ್ನು ಕಳೆದುಕೊಂಡರು. ಅಳತೆ ಕರಾರುವಾಕ್ಕಾಗಿರಲೆಂದು ದಂತವೈದ್ಯರು ನನಗೆ ಸೂಜಿಯಿಲ್ಲದ ದೊಡ್ಡದೊಂದು ಸಿರಿಂಜ್ ದಾನ ಮಾಡಿದರು. ಪೆಟ್ರೋಲ್ ಬಂಕಿನಲ್ಲಿ ಅದರಿಂದ ಟ್ಯಾಂಕಿಗೆ ಆಯಿಲ್ ಚುಚ್ಚುತ್ತಿದ್ದಾಗ ಸರತಿಯಲ್ಲಿ ಹಿಂದೆ ನಿಂತಿದ್ದ ಆಟೋದವನು ಮೀಟರಿನ ಮೇಲಿಂದ ಬಗ್ಗಿ, "ಏನ್ ಸಾರ್, ಗಾಡಿಗೆ ಹುಷಾರಿಲ್ವಾ?" ಎಂದು ನಿಜವಾದ ಕಾಳಜಿಯಿಂದ ವಿಚಾರಿಸಿದ.

ಎರಡನೆಯದು ಪಾಯಿಂಟ್ ಮತ್ತು ಟೈಮಿಂಗ್. ಬಲಗಡೆಯ ಕವರನ್ನು ಬಿಚ್ಚಿದರೆ ಡೈನಮೋದ ಬಳಿ ಎರಡು ಪುಟ್ಟ ಲೋಹದ ತುದಿಗಳು ಒಂದನ್ನೊಂದು ಮುಟ್ಟಿ ಬಿಡುತ್ತಿರುವುದು ಕಾಣುತ್ತದೆ. ಅವು ಬಿಟ್ಟ ಕ್ಷಣದಲ್ಲೇ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಪೂರ್ತಿ ತೆರೆದಾಗ ಅವುಗಳ ನಡುವಿನ ಅಂತರ ಹೆಚ್ಚುಕಡಿಮೆ 0.4 ಮಿ.ಮೀ. ಇರಬೇಕು, ಮತ್ತು ಪಿಸ್ಟನ್ ಮೇಲಿನ ತುದಿಯನ್ನು ತಲುಪಲು ಇನ್ನೂ ಸುಮಾರು 3 ಮಿ.ಮೀ. ಉಳಿದಿರುವಾಗ ಅವು ತೆರೆಯಲು ಆರಂಭಿಸಬೇಕು. ತೆರೆದದ್ದನ್ನು ತಿಳಿಯುವ ಉಪಾಯ ಬಹಳ ಸರಳವಾದದ್ದು: ಸಿಗರೇಟು ಪ್ಯಾಕಿನೊಳಗಿನ ತೆಳುಹಾಳೆಯ ಒಂದು ಚೂರನ್ನು ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಬೇಕು, ಹಾಳೆ ಸಡಿಲಗೊಂಡ ಕ್ಷಣವೇ ಪಾಯಿಂಟ್ ತೆರೆದ ಕ್ಷಣ. ಬಳಗದಲ್ಲಿ ಯಾರೂ ಸೇದುವುದಿಲ್ಲವಾದ್ದರಿಂದ ಮೂಲೆಯ ಅಂಗಡಿಗೆ ಹೋಗಿ ಒಂದು ಪ್ಯಾಕ್ ಕೊಳ್ಳುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಅದೇ ಹೊತ್ತಿಗೆ ಅಲ್ಲಿ ಕೊತ್ತಂಬರಿ ಸೊಪ್ಪು ಚೌಕಾಸಿ ಮಾಡುತ್ತಿದ್ದ ನಮ್ಮ ಅತ್ತೆಯವರ ಗೆಳತಿ ನನ್ನನ್ನು ಕಂಡರು. ನಾನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. "ಹಾಳೆ ಮಾತ್ರ ಬೇಕಿತ್ತು, ಸಿಗರೇಟನ್ನು ಅಂಗಡಿಯವನಿಗೇ ಬಿಟ್ಟು ಬಂದೆ" ಎಂಬ ನನ್ನ ವಿವರಣೆಯನ್ನು ಮನೆಯಲ್ಲಿ ಇಂದಿಗೂ ಯಾರೂ ನಂಬಿಲ್ಲ.

ಟೈಮಿಂಗ್ ಕೂರಿಸುವಾಗ ಬಳಗದ ನಿಯಮ ತಾನಾಗಿ ಸಡಿಲಗೊಳ್ಳುತ್ತದೆ, ಏಕೆಂದರೆ ಅದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬರು ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಕೂದಲೆಳೆಯಷ್ಟೇ ತಿರುಗಿಸಬೇಕು, ಇನ್ನೊಬ್ಬರು ಪ್ಲಗ್ ತೂತಿನೊಳಗೆ ಇಳಿಬಿಟ್ಟ ಸೈಕಲ್ ಕಡ್ಡಿಯ ಮೇಲಿನ ಗುರುತು ನೋಡಬೇಕು, ಮೂರನೆಯವರು ಹಾಳೆ ಎಳೆದು "ಬಂತು" ಎನ್ನಬೇಕು. ಹೂವಿನ ವ್ಯಾಪಾರಿ "ಬಂತು" ಎಂದಾಗ ಅಧ್ಯಾಪಕರು "ಬಂದಿಲ್ಲ, ನೀವು ಎಳೆದಿರಿ" ಎಂದರು. ಕಡ್ಡಿಯನ್ನು ಓರೆಯಾಗಿ ನೋಡಿದರೆ ಪ್ಯಾರಲಾಕ್ಸ್ ದೋಷ ಬರುತ್ತದೆಂದು ಅಧ್ಯಾಪಕರು ವಿವರಿಸತೊಡಗಿದರು. ಆ ವಿವರಣೆ ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಎಲ್ಲಿತ್ತೆಂಬುದು ಕ್ರ್ಯಾಂಕ್ ಹಿಡಿದಿದ್ದವರಿಗೇ ಮರೆತುಹೋಗಿತ್ತು. ಕೊನೆಗೆ ಬಹುಮತದಿಂದ ಟೈಮಿಂಗ್ ಕೂರಿಸಲಾಯಿತು. ಇಂಜಿನ್ನು ಬಹುಮತವನ್ನು ಮಾನ್ಯ ಮಾಡುವುದಿಲ್ಲ. ಕಿಡಿ ಬೇಕಾದ್ದಕ್ಕಿಂತ ಮುಂಚೆ ಹಾರಿದರೆ ಉರಿ ಪಿಸ್ಟನ್ನನ್ನು ಬಂದ ದಾರಿಗೇ ತಳ್ಳುತ್ತದೆ, ಕಿಕ್ಕರು ತಿರುಗಿ ಒದೆಯುತ್ತದೆ. ಪ್ರಥಮ ಕಿಕ್ ಹೊಡೆಯುವ ಗೌರವವನ್ನು ಕೇಳಿ ಪಡೆದಿದ್ದ ಹೂವಿನ ವ್ಯಾಪಾರಿಯ ಚಪ್ಪಲಿ ಕಾಲಿನಿಂದ ಬಿಡುಗಡೆಗೊಂಡು, ಕಾಂಪೌಂಡಿನ ಮೇಲಿಂದ ಹಾದು, ಪಕ್ಕದ ಮನೆಯವರು ಹಪ್ಪಳ ಒಣಹಾಕಿದ್ದ ಚಾಪೆಯ ಮೇಲಿಳಿಯಿತು. ಅದನ್ನು ಕೇಳಿ ತರಲು ಹೋದದ್ದೂ ನಾನೇ. ಸ್ವಂತ ರಿಪೇರಿ ಎಂದ ಮೇಲೆ ಇಂಥವೆಲ್ಲ ಗಾಡಿಯ ಮಾಲೀಕನ ಖಾತೆಗೇ ಸೇರುತ್ತವೆ.

ಕಾರ್ಬೋರೇಟರಿನ ಪ್ರಕರಣವನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಕೆಳಗಿನ ಬಟ್ಟಲು ತೆಗೆದು, ಪೆಟ್ರೋಲನ್ನು ಅಳೆದು ಬಿಡುವ ಮೇನ್ ಜೆಟ್ಟನ್ನು ಬಿಚ್ಚುವಾಗ ಅದು ಬೆರಳಿನಿಂದ ಜಾರಿ, 'ಟಿಣ್' ಎಂದು ಸದ್ದು ಮಾಡಿ, ಕಾಣೆಯಾಯಿತು. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ನಡುವೆ ಕೂದಲು ತೂರುವಷ್ಟು ರಂಧ್ರ. ಅದಿಲ್ಲದೆ ಗಾಡಿ ಇದ್ದೂ ಇಲ್ಲ. ಅಂಗಳಕ್ಕೆ ಜಲ್ಲಿ ಹಾಸಿತ್ತು. ಎಲ್ಲರೂ ಮೊಣಕಾಲೂರಿ ಹುಡುಕಿದರು. ಅಧ್ಯಾಪಕರು ಮನೆಗೆ ಹೋಗಿ, ಹಳೆಯ ಲೌಡ್‌ಸ್ಪೀಕರಿನಿಂದ ಕಿತ್ತ ದೊಡ್ಡ ಆಯಸ್ಕಾಂತವನ್ನು ತಂದು, ಅಂಗಳವನ್ನು ಮನಸ್ಸಿನಲ್ಲೇ ಚೌಕಗಳಾಗಿ ವಿಭಾಗಿಸಿ ಒಂದೊಂದು ಚೌಕವನ್ನೂ ಶೋಧಿಸಿದರು. ಮೊಳೆಗಳು, ಹೇರ್‌ಪಿನ್ನುಗಳು, ಒಂದು ಬೀಗದ ಕೊಂಡಿ, ಮತ್ತು ಮನೆಯ ಯಜಮಾನರು ಹಿಂದೆಂದೋ ಕಳೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿ ಬದಲಿ ತಂದಿದ್ದ ಸರ್ಕ್ಲಿಪ್ ಎಂಬ ಪುಟ್ಟ ಉಕ್ಕಿನ ಬಳೆ ಸಿಕ್ಕವು. ಸರ್ಕ್ಲಿಪ್ಪಿನ ಪುನರಾಗಮನದ ಸಂಭ್ರಮದಲ್ಲಿ ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಬಂತು. ಅಷ್ಟರಲ್ಲಿ ಕುರ್ಚಿಯಲ್ಲಿದ್ದ ಹಿರಿಯರು ನಿಧಾನವಾಗಿ, "ಜೆಟ್ಟು ಹಿತ್ತಾಳೆಯದಲ್ಲವೇ?" ಎಂದು ಕೇಳಿದರು. ಹಿತ್ತಾಳೆ ಆಯಸ್ಕಾಂತಕ್ಕೆ ಅಂಟುವುದಿಲ್ಲವೆಂಬುದನ್ನು ವರ್ಷವರ್ಷವೂ ಮಕ್ಕಳಿಗೆ ಕಲಿಸುವ ಅಧ್ಯಾಪಕರು ಆಯಸ್ಕಾಂತವನ್ನು ಬೆನ್ನ ಹಿಂದೆ ಸರಿಸಿಕೊಂಡು, ಉಕ್ಕಿನ ಧೂಳು ಮೆತ್ತಿರುವ ಸಂಭವವನ್ನು ತಾವು ಪರೀಕ್ಷಿಸುತ್ತಿದ್ದುದಾಗಿ ತಿಳಿಸಿದರು. ಜೆಟ್ಟು ಸಿಕ್ಕಿದ್ದು ಬ್ಯಾಂಕ್ ಅಧಿಕಾರಿಗಳ ಮೊದಲ ಸುತ್ತಿನ ಕಾಫಿ ಲೋಟದ ತಳದಲ್ಲಿ. ಕಾಫಿಯಲ್ಲಿ ಪೆಟ್ರೋಲಿನ ವಾಸನೆ ಬಂದದ್ದು ಅವರಿಗೆ ಆಗಲೇ ಗೊತ್ತಾಗಿತ್ತಂತೆ. ಮನೆಯವರು ಬೇಜಾರು ಮಾಡಿಕೊಂಡಾರೆಂದು ಸುಮ್ಮನೆ ಕುಡಿದರಂತೆ.

ಸೈಲೆನ್ಸರುಗಳ ಒಳಗಿನ ಕೊಳವೆಗಳನ್ನು ಹೊರಗೆಳೆದು ಸೀಮೆಎಣ್ಣೆ ಸುರಿದು ಸುಟ್ಟು, ಇಂಗಾಲವನ್ನು ಉದುರಿಸಿದ ದಿನದ ಬಗ್ಗೆ ಬಡಾವಣೆಯ ನಿವಾಸಿಗಳು ಈಗಾಗಲೇ ಸಾಕಷ್ಟು ಮಾತನಾಡಿರುವುದರಿಂದ ನಾನು ಹೆಚ್ಚು ಹೇಳುವುದಿಲ್ಲ. ಚಕ್ರದ ಬೇರಿಂಗುಗಳನ್ನು ಕೂರಿಸುವ ಮೊದಲು ತಣ್ಣಗಿಟ್ಟರೆ ಲೋಹ ಕುಗ್ಗಿ ಸಲೀಸಾಗಿ ಒಳಹೋಗುತ್ತದೆ ಎಂಬುದು ಸತ್ಯ; ಆದರೆ ಅವುಗಳನ್ನು ನಮ್ಮ ಮನೆಯ ಫ್ರೀಜರಿನಲ್ಲಿ ಹಿತಕಿದ ಅವರೆಬೇಳೆಯ ಡಬ್ಬಿಯ ಪಕ್ಕದಲ್ಲಿ, ಅದೇ ಬಗೆಯ ಇನ್ನೊಂದು ಡಬ್ಬಿಯಲ್ಲಿ ಇಡಬಾರದೆಂದು ಬಳಗದ ಯಾರೂ ನನಗೆ ಹೇಳಲಿಲ್ಲ.

ಸದ್ದುಗಳ ವಿಷಯ ಬಂದಾಗ ಬಳಗದ ವಿದ್ವತ್ತು ಪೂರ್ಣವಾಗಿ ಅರಳುತ್ತದೆ. ಒಮ್ಮೆ ನನ್ನ ಗಾಡಿಯಿಂದ ಒಂದು ವೇಗದಲ್ಲಿ ಮಾತ್ರ 'ಕಟಕಟ' ಎಂಬ ಶಬ್ದ ಬರತೊಡಗಿತು. ಕನೆಕ್ಟಿಂಗ್ ರಾಡ್ ಹೋಗಿದೆ ಎಂದರು ದಂತವೈದ್ಯರು, ನಮ್ಮಂಥವರಿಗೆ "ಹಲ್ಲು ಕೀಳಲೇಬೇಕು" ಎಂದು ಹೇಳುವ ಅದೇ ಸೌಮ್ಯ ದನಿಯಲ್ಲಿ. ಕ್ಲಚ್ಚಿನ ಕಡೆಯ ಸದ್ದೆಂದರು ಅಧ್ಯಾಪಕರು. ಪಿಸ್ಟನ್ ಸವೆದಿದೆ, ಬೋರ್ ಮಾಡಿಸಬೇಕು, ಅದಕ್ಕೆ ಇಷ್ಟು ಖರ್ಚು ಎಂದು ಬ್ಯಾಂಕ್ ಅಧಿಕಾರಿಗಳು ಲೆಕ್ಕವನ್ನೂ ಬರೆದುಕೊಟ್ಟರು. ಇಂಜಿನ್ ಇಳಿಸುವುದೇ ಸರಿಯೆಂದು ತೀರ್ಮಾನವಾಗಿ, ನಾನು ಮೊದಲ ಬೋಲ್ಟಿಗೆ ಸ್ಪ್ಯಾನರ್ ಹಚ್ಚುವ ಹೊತ್ತಿಗೆ ಹಿರಿಯರು ಕುರ್ಚಿಯಿಂದೆದ್ದು ಬಂದರು. ಎಲ್ಲರೂ ಮೌನವಾದರು. ಅವರು ಇಂಜಿನ್ ಸ್ಟಾರ್ಟ್ ಮಾಡಿಸಿ, ಆಕ್ಸಲರೇಟರನ್ನು ತುಸು ತಿರುವಿ, ಹಿಂದಕ್ಕೆ ನಡೆದು, ನಂಬರ್ ಪ್ಲೇಟನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದರು. ಸದ್ದು ನಿಂತಿತು. ಒಂದು ನಟ್ಟು ಬಿಗಿ ಮಾಡಬೇಕಿತ್ತಷ್ಟೇ. ಆದರೆ ಕನೆಕ್ಟಿಂಗ್ ರಾಡ್ ಒಂದಲ್ಲ ಒಂದು ದಿನ ಹೋಗಿಯೇ ಹೋಗುತ್ತದೆ ಎಂಬ ತಮ್ಮ ನಿಲುವಿಗೆ ದಂತವೈದ್ಯರು ಈಗಲೂ ಬದ್ಧರಾಗಿದ್ದಾರೆ.

ನಟ್ಟು ಬಿಗಿ ಮಾಡಿದ 10–11ರ ಸ್ಪ್ಯಾನರ್ ನನ್ನದಲ್ಲ. ಬಳಗದಲ್ಲಿ ಯಾರ ಕೈಯಲ್ಲಿರುವ ಸ್ಪ್ಯಾನರೂ ಅವರದಲ್ಲ. ನನ್ನ 10–11 ಹಾಸನದ ಸವಾರರೊಬ್ಬರ ಬಳಿ ಇದೆ, ಅವರದು ದಂತವೈದ್ಯರ ಡಿಕ್ಕಿಯಲ್ಲಿದೆ, ದಂತವೈದ್ಯರದನ್ನು ನಾನು ಬಳಸುತ್ತೇನೆ; ಒಂದು ದಿನ ಎಲ್ಲರೂ ಪ್ರಾಮಾಣಿಕರಾಗಿ ಹಿಂತಿರುಗಿಸಿಬಿಟ್ಟರೆ ಯಾರ ಗಾಡಿಯೂ ಓಡುವುದಿಲ್ಲವೆಂಬ ಭಯದಿಂದ ಈ ಸಾಲವನ್ನು ಯಾರೂ ವಸೂಲು ಮಾಡುತ್ತಿಲ್ಲ. ಪಾಯಿಂಟಿನ ಸಂದಿ ಅಳೆಯುವ ತೆಳುಪಟ್ಟಿಗಳ ಗೊಂಚಲು, ಅಂದರೆ ಫೀಲರ್ ಗೇಜ್, ಮಾತ್ರ ಒಂದೇ ಇದೆ, ಅದರಲ್ಲಿ 0.4ರ ಪಟ್ಟಿಯನ್ನು ಬಿಟ್ಟು ಉಳಿದೆಲ್ಲವೂ ಇವೆ.

ಬಳಗದ ಹೊರಗೂ ಬಳಗವಿದೆ ಎಂಬುದು ಶ್ರೀರಂಗಪಟ್ಟಣದ ಬಳಿ ಗಾಡಿ ನಿಂತಾಗ ತಿಳಿಯಿತು. ನೀಲಿ ಹೊಗೆ ಬಿಡುತ್ತ ಬಂದ ಅಪರಿಚಿತರೊಬ್ಬರು ತಮ್ಮ ಯೆಜ್ಡಿಯನ್ನು ಪಕ್ಕಕ್ಕೆ ಹಾಕಿ, ಹೆಸರು ಕೇಳುವ ಮೊದಲೇ ನನ್ನ ಪ್ಲಗ್ಗನ್ನು ಬಿಚ್ಚಿದರು. ಅದರ ಎರಡು ತುದಿಗಳ ನಡುವಿನ ಸಂದಿಗೆ ಇಂಗಾಲದ ಎಳೆಯೊಂದು ಅಡ್ಡ ಬಿದ್ದು ಕಿಡಿಯನ್ನು ತಡೆದಿತ್ತು. ಪ್ಲಗ್ಗಿನ ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಕ್ಷೇಮ, ಬೆಳ್ಳಗಿದ್ದರೆ ಇಂಜಿನ್ ಬಿಸಿಯೇರುತ್ತಿದೆ, ಹೀಗೆ ಕಪ್ಪಗೆ ಒದ್ದೆಯಾಗಿದ್ದರೆ ಆಯಿಲ್ ಹೆಚ್ಚಾಗಿದೆ ಎಂದು ಅವರು ವಿವರವಾಗಿ ಬೋಧಿಸಿ, ಕೊನೆಗೆ ನನ್ನ ಪಂಥ ಯಾವುದೆಂದು ಕೇಳಿದರು. 40 ಎಂದೆ. ಅವರ ಮುಖದಲ್ಲಿ ಮೂಡಿದ ಕನಿಕರವನ್ನು ವರ್ಣಿಸಲಾರೆ. ಪ್ಲಗ್ಗನ್ನು ಉಜ್ಜಿ ಕೂರಿಸಿದರು, ನನ್ನ ಗಾಡಿ ಮೊದಲ ಕಿಕ್ಕಿಗೇ ಎದ್ದಿತು. ಅವರದು ಏಳಲಿಲ್ಲ. 30ರ ಪಂಥದವರ ಗಾಡಿಯನ್ನು ಆ ಬಿಸಿಲಿನಲ್ಲಿ ಪಶ್ಚಿಮವಾಹಿನಿಯ ತನಕ ತಳ್ಳಿದಾಗ ನನಗಾದ ಆಯಾಸದಲ್ಲಿ ಒಂದು ಬಗೆಯ ನೆಮ್ಮದಿಯೂ ಬೆರೆತಿತ್ತು.

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ–ಯೆಜ್ಡಿ ದಿನ. ಈ ಸಲ ಮೆರವಣಿಗೆ ಹೊರಡುವ ಮುನ್ನ, ಸಾಫ್ಟ್‌ವೇರ್ ಕಂಪನಿಯ ತರುಣನೊಬ್ಬ ಹೊಸದಾಗಿ ಕೊಂಡ ಹಳೆಯ ರೋಡ್‌ಕಿಂಗನ್ನು ತಳ್ಳಿಕೊಂಡು ನಮ್ಮ ಅಂಗಳಕ್ಕೆ ಬಂದ, ಐಡ್ಲಿಂಗ್ ನಿಲ್ಲುತ್ತಿಲ್ಲವಂತೆ. "ನಿಮ್ಮ ಗಾಡಿ, ನೀವೇ ಬಿಚ್ಚಬೇಕು" ಎಂದು ಎಲ್ಲರಿಗಿಂತ ಮೊದಲು ಹೇಳಿದವನು ನಾನು. ಏರ್ ಸ್ಕ್ರೂ ಎಂದೆ. ಪಾಯಿಂಟ್ ಎಂದರು ಅಧ್ಯಾಪಕರು. ಗಾಡಿ ಕೊಟ್ಟವನೇ ಮೋಸ ಮಾಡಿದ್ದಾನೆ ಎಂದರು ಬ್ಯಾಂಕ್ ಅಧಿಕಾರಿಗಳು. ಹುಡುಗ ಎಲ್ಲವನ್ನೂ ಫೋನಿನಲ್ಲಿ ಶ್ರದ್ಧೆಯಿಂದ ಬರೆದುಕೊಂಡು, ಹತ್ತಿರದಲ್ಲಿ ಯಾರಾದರೂ ಒಳ್ಳೆಯ ಮೆಕ್ಯಾನಿಕ್ ಇದ್ದಾರೆಯೇ ಎಂದು ಬಹಳ ವಿನಯದಿಂದ ಕೇಳಿದ. ಅಂಥ ಪ್ರಶ್ನೆಯನ್ನು ಆ ಅಂಗಳದಲ್ಲಿ ಯಾರೂ ಕೇಳಿದ್ದಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅಷ್ಟರಲ್ಲಿ ದಂತವೈದ್ಯರು ನಿಯಮವನ್ನು ಮರೆತು ಅವನ ಕಾರ್ಬೋರೇಟರನ್ನು ಬಿಚ್ಚಿ ಆಗಿತ್ತು. ಕಾಫಿ ಲೋಟಗಳನ್ನು ಮಾತ್ರ ಯಾರೋ ಜಾಣರು ಮೊದಲೇ ಒಳಗೆ ಎತ್ತಿಟ್ಟಿದ್ದರು.