ಇಲ್ಲಿ ಹುಲ್ಲಿನ ಗೋಡೆ, ಊರಲ್ಲಿ ಮಣ್ಣಿನ ಗೋಡೆ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಭತ್ತ ಬೆಳೆಯುತ್ತಾರೆ ಅಂದರೆ ಊರಿನವರು ಬೇಗ ನಂಬುವುದಿಲ್ಲ. ಆದರೆ ಇಲ್ಲಿ ಕೊಯ್ಲಾದ ಮೇಲೆ ಭತ್ತದ ಹುಲ್ಲನ್ನು ಕೇಳುವವರು ಕಡಿಮೆ. ಮೊದಲೆಲ್ಲ ಗದ್ದೆಯಲ್ಲೇ ಸುಡುತ್ತಿದ್ದರು. ಹೊಗೆ ಜಾಸ್ತಿಯಾಗಿ, 1991ರಲ್ಲಿ ಸುಡುವುದನ್ನು ಹಂತ ಹಂತವಾಗಿ ಇಳಿಸುವ ಕಾನೂನು ಬಂತು. ಆ ಹುಲ್ಲಿನಲ್ಲಿ ಒಂದು ಸಣ್ಣ ಪಾಲು ಮನೆಯ ಗೋಡೆಯಾಗಿದೆ.

ಯಂತ್ರ ಬಿಗಿಯಾಗಿ ಕಟ್ಟಿದ ಹುಲ್ಲಿನ ಪೆಂಡಿಗಳನ್ನು ಒಂದರ ಮೇಲೊಂದು ಪೇರಿಸಿ, ಎರಡೂ ಕಡೆ ಮಣ್ಣಿನದೋ ಸುಣ್ಣದ್ದೋ ಗಿಲಾವು ಮಾಡುತ್ತಾರೆ. ಗೋಡೆ ಸುಮಾರು ಒಂದೂವರೆ ಅಡಿ ದಪ್ಪ. ಹೊರಗಿನ ಬಿಸಿಲು ಒಳಗೆ ಬೇಗ ಇಳಿಯುವುದಿಲ್ಲ. ಬಾಗಿಲು, ಕಿಟಕಿ, ತೊಲೆಗಳನ್ನು ಎಷ್ಟೋ ಜನ ಕೆಡವಿದ ಹಳೇ ಕಟ್ಟಡಗಳಿಂದ ತರುತ್ತಾರೆ. ಬೆಂಕಿ ಹತ್ತಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಬಿಗಿಯಾದ ಪೆಂಡಿಯೊಳಗೆ ಗಾಳಿಯಾಡುವುದಿಲ್ಲ, ಮೇಲೆ ದಪ್ಪ ಗಿಲಾವು ಬೇರೆ. ಹಾಗಾಗಿ ಸುಲಭವಾಗಿ ಹತ್ತುವುದಿಲ್ಲ. ನಿಜವಾದ ಶತ್ರು ನೀರು. ಅದಕ್ಕೇ ಪಾಯ ಎತ್ತರಿಸಿ, ಸೂರು ಉದ್ದಕ್ಕೆ ಚಾಚುತ್ತಾರೆ.

ಇದು ಹೊಸ ಶೋಕಿಯಲ್ಲ. ಮರಗಳೇ ಕಡಿಮೆಯಿದ್ದ, ಅಮೆರಿಕದ ನಡುಭಾಗದ ನೆಬ್ರಾಸ್ಕಾ ರಾಜ್ಯದ ಮರಳುದಿಬ್ಬಗಳಲ್ಲಿ ಬೇರೆ ದಾರಿಯಿಲ್ಲದೆ ಜನ ಹೀಗೆ ಕಟ್ಟಿಕೊಂಡರು. ಅಲ್ಲಿನ ಆರ್ಥರ್ ಊರಿನಲ್ಲಿ 1928ರಲ್ಲಿ ಕಟ್ಟಿದ ಹುಲ್ಲಿನ ಚರ್ಚು ಇವತ್ತಿಗೂ ನಿಂತಿದೆ. 2015ರಲ್ಲಿ ಅಮೆರಿಕದ ಮಾದರಿ ಬಿಲ್ಡಿಂಗ್ ಕೋಡಿನಲ್ಲೂ, ಅಂದರೆ ಮನೆ ಕಟ್ಟುವ ನಿಯಮಾವಳಿಯಲ್ಲೂ, ಹುಲ್ಲಿನ ಗೋಡೆಗೆ ಜಾಗ ಸಿಕ್ಕಿತು.

ಹಾಗಂತ ಮಂಡ್ಯದಲ್ಲೂ ಹುಲ್ಲಿನ ಮನೆ ಕಟ್ಟಿ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲಿ ಹುಲ್ಲು ದನದ ಮೇವು. ಬಣವೆ ಒಟ್ಟಿ ವರ್ಷವಿಡೀ ಕಾಪಾಡುವುದನ್ನು ಗೋಡೆಗೆ ತುಂಬುವುದು ತಪ್ಪು. ಯಂತ್ರದಲ್ಲಿ ಕೊಯ್ದು ಹುಲ್ಲು ಸುಡುವ ಗಂಗಾವತಿ, ಸಿಂಧನೂರು ಕಡೆ ಬೇಕಾದರೆ ಯೋಚಿಸಬಹುದು.

ನನಗೆ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಇಲ್ಲಿ ಓದಿದವರು, ದುಡ್ಡಿದ್ದವರು ಮಣ್ಣಿನ ಗಿಲಾವನ್ನು ಕೇಳಿ ಮಾಡಿಸಿಕೊಳ್ಳುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ದಪ್ಪ ಮಣ್ಣಿನ ಗೋಡೆಯ, ಮಣ್ಣಿನ ಚಾವಣಿಯ, ತಂಪಾದ ಮಾಳಿಗೆ ಮನೆಗಳನ್ನು ಬಡತನದ ಗುರುತು ಅಂತ ಕೆಡವುತ್ತಾರೆ. ಸಿಮೆಂಟ್ ಬ್ಲಾಕಿನಲ್ಲಿ ಕಟ್ಟುತ್ತಾರೆ, ಬೇಸಿಗೆಗೆ ಕೂಲರ್ ತರುತ್ತಾರೆ. ತೇಗದ ಕಂಬ, ಕೆತ್ತನೆಯ ಬಾಗಿಲು ವ್ಯಾಪಾರಿಗಳ ಪಾಲಾಗುತ್ತವೆ.

ನಮಗೆ ವಿದ್ಯೆಯೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಮಣ್ಣಿನ ಒತ್ತಿಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದರೆ ಆಯಿತು, ಗೂಡಿನಲ್ಲಿ ಸುಡಬೇಕಿಲ್ಲ. ಬೆಂಗಳೂರಿನಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ಇದು ತಾಲ್ಲೂಕಿನ ಮೇಸ್ತ್ರಿಗಳಿಗೂ ತಲುಪಬೇಕು. ಊರಲ್ಲಿ ಮನೆ ಕಟ್ಟಿಸುವವರು ಒಂದು ಕೋಣೆಯನ್ನಾದರೂ ಹೀಗೆ ಕಟ್ಟಿಸಿ, ಅಜ್ಜನ ಮನೆಯ ಬಾಗಿಲನ್ನು ಅದಕ್ಕೇ ಕೂರಿಸಿ.